ಜ್ವಾಲಾಮುಖಿ ಸರೋವರದ ನೀರನ್ನೂ ಅದರಲ್ಲಿ ಕರಗಿದ ಅನಿಲವನ್ನೂ ಅಳೆಯುವ ಕ್ರಮ: ನ್ಯೋಸ್ ಸರೋವರವನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

1986ರ ಆಗಸ್ಟ್ 21ರ ರಾತ್ರಿ ಕ್ಯಾಮೆರೂನ್ ದೇಶದ ವಾಯವ್ಯ ಭಾಗದಲ್ಲಿರುವ ನ್ಯೋಸ್ ಸರೋವರದ ತಳದ ನೀರಿನಲ್ಲಿ ಕರಗಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಗೇ ಹೊರಬಿದ್ದು, ಗಾಳಿಗಿಂತ ಭಾರವಾದ ಮೋಡವಾಗಿ ಕಣಿವೆಗಳಲ್ಲಿ ಹರಿದು, 1,700ಕ್ಕೂ ಹೆಚ್ಚು ಜನರನ್ನೂ ಸಾವಿರಾರು ಜಾನುವಾರುಗಳನ್ನೂ ಕೊಂದಿತು. ಅದಕ್ಕೂ ಎರಡು ವರ್ಷ ಮೊದಲು, 1984ರ ಆಗಸ್ಟ್ 15ರಂದು, ಅದೇ ದೇಶದ ಮೊನೂನ್ ಸರೋವರದಲ್ಲಿ ಇಂಥದೇ ಘಟನೆಯಲ್ಲಿ 37 ಮಂದಿ ಸತ್ತಿದ್ದರು. ಜ್ವಾಲಾಮುಖಿ ಸರೋವರಗಳ ನೀರಿನ ರಸಾಯನಶಾಸ್ತ್ರವನ್ನು ಮೇಲ್ಮೈಯಿಂದಲ್ಲ, ತಳದಿಂದ ಓದಬೇಕು ಎಂಬುದು ಈ ಎರಡು ಘಟನೆಗಳ ನಂತರ ಸ್ಪಷ್ಟವಾಯಿತು.

ಈ ಮಾರ್ಗದರ್ಶಿಯನ್ನು ಭೂವಿಜ್ಞಾನ ಅಥವಾ ರಸಾಯನಶಾಸ್ತ್ರದ ಸ್ನಾತಕೋತ್ತರ ಮಟ್ಟದ ವಿದ್ಯಾರ್ಥಿಗಳನ್ನು ಮತ್ತು ಇಂಥ ಸರೋವರಗಳ ದತ್ತಾಂಶವನ್ನು ಓದಿ ಅರ್ಥಮಾಡಿಕೊಳ್ಳಬೇಕಾದವರನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ಒಂದು ಪ್ರಶ್ನೆಯನ್ನು ಆರಂಭದಿಂದ ಕೊನೆಯವರೆಗೆ ಕೈಬಿಡಬಾರದು: ಒಂದು ನಿರ್ದಿಷ್ಟ ಆಳದಲ್ಲಿ ನೀರಿನ ತೂಕವು ಒದಗಿಸುವ ಒತ್ತಡದ ಎಷ್ಟು ಪಾಲನ್ನು ಕರಗಿದ ಅನಿಲಗಳು ಈಗಾಗಲೇ ತಿಂದುಹಾಕಿವೆ? ಮಾದರಿ ಸಂಗ್ರಹ, ಟೈಟ್ರೇಷನ್ (ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವುದು), ಲೆಕ್ಕಾಚಾರ ಎಲ್ಲವೂ ಈ ಪ್ರಶ್ನೆಯ ಸೇವೆಗೆ ಇರುವಂಥವು. ಸುಂದರವಾದ ಅಯಾನುಗಳ ಪಟ್ಟಿಯೊಂದು ಕೈಯಲ್ಲಿದ್ದು ಈ ಉತ್ತರ ಮಾತ್ರ ಇಲ್ಲದ ವರದಿಗಳು ಸಾಕಷ್ಟಿವೆ. ಅವುಗಳಿಂದ ಕಣಿವೆಯಲ್ಲಿ ವಾಸಿಸುವವರಿಗೆ ಯಾವ ಉಪಯೋಗವೂ ಇಲ್ಲ.

ಮೊದಲ ಹಂತ: ಸರೋವರದ ಬಗೆಯನ್ನು ನಿರ್ಧರಿಸಿಕೊಳ್ಳಿ

ಉಪಕರಣಗಳನ್ನು ಕಟ್ಟುವ ಮೊದಲೇ ಸರೋವರ ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿದುಕೊಳ್ಳಬೇಕು, ಏಕೆಂದರೆ ಒಂದು ಗುಂಪಿಗೆ ಸರಿಹೋಗುವ ವಿಧಾನ ಇನ್ನೊಂದರಲ್ಲಿ ಕೆಲಸ ಮಾಡುವುದಿಲ್ಲ. ಸಕ್ರಿಯ ಜ್ವಾಲಾಮುಖಿಯ ಬಾಯಿಯಲ್ಲೇ ನಿಂತ ನೀರಿಗೆ ಗಂಧಕದ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್ ನೇರವಾಗಿ ಬಂದು ಸೇರುವುದರಿಂದ ಅದು ಪ್ರಬಲ ಆಮ್ಲವಾಗುತ್ತದೆ. ಇಂಡೋನೇಷ್ಯಾದ ಜಾವಾ ದ್ವೀಪದ ಕಾವಾ ಇಜೆನ್ ಸರೋವರದ ಪಿಎಚ್ 0.5ಕ್ಕಿಂತಲೂ ಕೆಳಗಿರುತ್ತದೆ. ಕೋಸ್ಟರಿಕಾದ ಪೋಆಸ್ ಮತ್ತು ನ್ಯೂಜಿಲೆಂಡಿನ ರುಆಪೆಹು ಜ್ವಾಲಾಮುಖಿಗಳ ಬಾಯಿಯಲ್ಲಿರುವ ಸರೋವರಗಳೂ ಈ ಗುಂಪಿನವೇ.

ನ್ಯೋಸ್ ಮತ್ತು ಮೊನೂನ್ ಬೇರೆ ಗುಂಪಿನವು. ನ್ಯೋಸ್ ಇರುವುದು ಶಿಲಾರಸ ಮತ್ತು ಅಂತರ್ಜಲ ಎದುರುಬದುರಾಗಿ ಸ್ಫೋಟಗೊಂಡಾಗ ಉಂಟಾದ, ಭೂವಿಜ್ಞಾನಿಗಳು ಮಾರ್ ಎಂದು ಕರೆಯುವ ಅಗಲವಾದ ಕುಳಿಯಲ್ಲಿ. ಅದರ ಆಳ ಸುಮಾರು 210 ಮೀಟರ್, ವಿಸ್ತೀರ್ಣ ಸುಮಾರು 1.6 ಚದರ ಕಿಲೋಮೀಟರ್. ಇಲ್ಲಿ ಶಿಲಾರಸದಿಂದ ಹೊರಟ ಅನಿಲ ಸರೋವರಕ್ಕೆ ತಲುಪುವ ಮೊದಲು ಅಂತರ್ಜಲದ ಮೂಲಕ ಹಾದುಬರುತ್ತದೆ. ನೀರಿನಲ್ಲಿ ಸುಲಭವಾಗಿ ಕರಗುವ, ಬಂಡೆಯೊಡನೆ ಬೇಗ ವರ್ತಿಸುವ ಗಂಧಕ ಮತ್ತು ಕ್ಲೋರಿನ್ ಸಂಯುಕ್ತಗಳು ದಾರಿಯಲ್ಲೇ ಉಳಿದು, ಇಂಗಾಲದ ಡೈಆಕ್ಸೈಡ್ ಮಾತ್ರ ತಳಕ್ಕೆ ತಲುಪುತ್ತದೆ. ಆದ್ದರಿಂದ ನ್ಯೋಸ್‌ನ ತಳದ ನೀರು ಸುಡುವ ಆಮ್ಲವಲ್ಲ. ಅದು ಪಿಎಚ್ 5ರ ಆಸುಪಾಸಿನ, ಕಬ್ಬಿಣ ಮತ್ತು ಬೈಕಾರ್ಬೊನೇಟ್ ತುಂಬಿದ, ನೋಡಲು ನಿರುಪದ್ರವಿಯಾದ ನೀರು. ಅದರ ಅಪಾಯ ಇರುವುದು ಈ ನಿರುಪದ್ರವಿ ರೂಪದಲ್ಲೇ.

ರುವಾಂಡಾ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಡಿಯಲ್ಲಿರುವ ಕಿವು ಸರೋವರ ಗಾತ್ರದಲ್ಲಿ ಇವೆಲ್ಲವನ್ನೂ ಮೀರುತ್ತದೆ. 485 ಮೀಟರ್ ಆಳದ ಆ ಸರೋವರದಲ್ಲಿ, ಸಾಮಾನ್ಯ ಒತ್ತಡಕ್ಕೆ ಪರಿವರ್ತಿಸಿ ಹೇಳುವುದಾದರೆ, ಸುಮಾರು 300 ಘನ ಕಿಲೋಮೀಟರ್ ಇಂಗಾಲದ ಡೈಆಕ್ಸೈಡ್ ಮತ್ತು 60 ಘನ ಕಿಲೋಮೀಟರ್ ಮೀಥೇನ್ ಕರಗಿದೆ. ನಮ್ಮ ಓದುಗರಲ್ಲಿ ಹಲವರು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರವನ್ನೂ ಈ ಸಾಲಿಗೆ ಸೇರಿಸುತ್ತಾರೆ. ಲೋಣಾರ್ ದಖ್ಖನ್ ಬಸಾಲ್ಟ್ ಬಂಡೆಯಲ್ಲಿದ್ದರೂ ಅದು ಉಲ್ಕೆ ಅಪ್ಪಳಿಸಿ ಉಂಟಾದ ಕುಳಿ. ಅದರ ಕ್ಷಾರೀಯ ನೀರಿಗೆ ಆವಿಯಾಗುವಿಕೆ ಮುಖ್ಯ ಕಾರಣವೇ ಹೊರತು ಶಿಲಾರಸದ ಅನಿಲವಲ್ಲ. ಇಲ್ಲಿ ಹೇಳುವ ಕ್ಷಾರೀಯತೆಯ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯದ, ಟೈಟ್ರೇಷನ್ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಅನಿಲದ ಲೆಕ್ಕ ಬರುವುದಿಲ್ಲ.

ಇನ್ನು ಮುಂದಿನ ಹಂತಗಳು ನ್ಯೋಸ್ ಮಾದರಿಯ ಸರೋವರಕ್ಕೆ ಬರೆದವು. ಆಮ್ಲ ಸರೋವರಕ್ಕೆ ಬೇಕಾದ ಬದಲಾವಣೆಗಳನ್ನು ಬೇರೆಯಾಗಿ ಕೊಡಲಾಗಿದೆ.

ಎರಡನೆಯ ಹಂತ: ಜೀವರಕ್ಷಣೆ

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ, ಬಣ್ಣವೂ ವಾಸನೆಯೂ ಇಲ್ಲದ ಅನಿಲ. ದಡದ ತಗ್ಗುಗಳಲ್ಲಿ, ಬಂಡೆಗಳ ಸಂದಿನಲ್ಲಿ, ಗಾಳಿಯಾಡದ ಬೆಳಗಿನ ಹೊತ್ತಿನಲ್ಲಿ ಅದು ನಿಂತಿರುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಒಪ್ಪಿತ ಮಿತಿ ಹತ್ತು ಲಕ್ಷ ಭಾಗಕ್ಕೆ 5,000 ಭಾಗ. 40,000 ಭಾಗ ತಲುಪಿದರೆ ಅದು ತಕ್ಷಣದ ಪ್ರಾಣಾಪಾಯದ ಮಟ್ಟ. ಶಬ್ದ ಮಾಡುವ ಕೈಮೀಟರನ್ನು ಸೊಂಟದ ಎತ್ತರದಲ್ಲಿ ಕಟ್ಟಿಕೊಳ್ಳಬೇಕು, ಏಕೆಂದರೆ ಅನಿಲ ಮೂಗಿಗೆ ಮುಟ್ಟುವ ಮೊದಲು ಸೊಂಟಕ್ಕೆ ಮುಟ್ಟುತ್ತದೆ. ದೋಣಿಯಲ್ಲಿ ಇಬ್ಬರಿಗಿಂತ ಕಡಿಮೆ ಜನ ಇರಬಾರದು, ದಡದಲ್ಲಿ ಎತ್ತರದ ಜಾಗದಲ್ಲಿ ಒಬ್ಬರು ಕಾವಲಿರಬೇಕು, ಮತ್ತು ಆಳದಿಂದ ತಂದ ಸಿಲಿಂಡರನ್ನು ದೋಣಿಯೊಳಗೆ ಬಿಚ್ಚುವ ಪದ್ಧತಿ ಇರಬಾರದು. ಕುಸಿದುಬಿದ್ದವರನ್ನು ಎತ್ತಲು ತಗ್ಗಿಗೆ ಇಳಿದವರೂ ಕುಸಿಯುವುದು ಇಂಥ ಕಡೆಗಳಲ್ಲಿ ಪದೇ ಪದೇ ನಡೆದಿರುವುದರಿಂದ, ಉಸಿರಾಟದ ಉಪಕರಣವಿಲ್ಲದೆ ರಕ್ಷಣೆಗೆ ಇಳಿಯಬಾರದೆಂಬ ನಿಯಮವನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು.

ಮೂರನೆಯ ಹಂತ: ಆಳದುದ್ದಕ್ಕೂ ಚಿತ್ರ ತೆಗೆಯಿರಿ

ಮಾದರಿ ತೆಗೆಯುವ ಆಳಗಳನ್ನು ಮೊದಲೇ ಕಾಗದದ ಮೇಲೆ ಸಮಾನ ಅಂತರದಲ್ಲಿ ಬರೆದುಕೊಂಡು ಹೋಗುವುದು ಸಾಮಾನ್ಯ ರೂಢಿ. ಅದು ಒಳ್ಳೆಯ ರೂಢಿಯಲ್ಲ. ಸರೋವರದ ಅತಿ ಆಳದ ಬಿಂದುವಿನಲ್ಲಿ ದೋಣಿಯನ್ನು ನಿಲ್ಲಿಸಿ, ಉಷ್ಣತೆ, ವಿದ್ಯುತ್ ವಾಹಕತೆ, ಒತ್ತಡ, ಪಿಎಚ್ ಮತ್ತು ಕರಗಿದ ಆಮ್ಲಜನಕವನ್ನು ಏಕಕಾಲದಲ್ಲಿ ದಾಖಲಿಸುವ ಶೋಧಕವನ್ನು ಮೊದಲು ನಿಧಾನವಾಗಿ ಇಳಿಸಬೇಕು. ಆಳವನ್ನು ಹಗ್ಗದ ಉದ್ದದಿಂದ ಲೆಕ್ಕ ಹಾಕಬೇಡಿ. ಗಾಳಿಗೆ ದೋಣಿ ಸರಿದು ಹಗ್ಗ ಓರೆಯಾದರೆ 200 ಮೀಟರಿನಲ್ಲಿ ಹಲವು ಮೀಟರುಗಳ ತಪ್ಪು ಬರುತ್ತದೆ, ಮತ್ತು ಪದರಗಳ ಗಡಿ ಕೆಲವೊಮ್ಮೆ ಅಷ್ಟೇ ದಪ್ಪವಿರುತ್ತದೆ. ಒತ್ತಡದ ಸಂವೇದಕ ಹೇಳುವ ಆಳವೇ ಪ್ರಮಾಣ.

ನ್ಯೋಸ್‌ನಂಥ ಸರೋವರದಲ್ಲಿ ಮೇಲ್ಪದರ ಗಾಳಿಗೂ ಮಳೆಗೂ ಕಲಕಿಕೊಳ್ಳುತ್ತದೆ, ತಳಪದರ ವರ್ಷಾನುಗಟ್ಟಲೆ ಕಲಕದೆ ನಿಲ್ಲುತ್ತದೆ. ಎರಡರ ನಡುವೆ ವಾಹಕತೆ ಥಟ್ಟನೆ ಏರುವ ತೆಳುವಾದ ಸಂಕ್ರಮಣ ಪದರವಿರುತ್ತದೆ. ತಳದ ನೀರು ತನ್ನ ಮೇಲಿನ ನೀರಿಗಿಂತ ತುಸು ಬೆಚ್ಚಗಿದ್ದರೂ ಮೇಲೇಳುವುದಿಲ್ಲ. ಕರಗಿದ ಲವಣಗಳೂ ಇಂಗಾಲದ ಡೈಆಕ್ಸೈಡೂ ಅದನ್ನು ಭಾರವಾಗಿಸಿರುತ್ತವೆ. ಇಂಗಾಲದ ಡೈಆಕ್ಸೈಡ್ ಕರಗಿದಾಗ ನೀರಿನ ಸಾಂದ್ರತೆ ಹೆಚ್ಚುತ್ತದೆ, ಮೀಥೇನ್ ಕರಗಿದಾಗ ಕಡಿಮೆಯಾಗುತ್ತದೆ. ಪದರಗಳ ಸ್ಥಿರತೆಯನ್ನು ಲೆಕ್ಕ ಹಾಕುವಾಗ ಈ ವ್ಯತ್ಯಾಸವನ್ನು ಬಿಟ್ಟರೆ ಕಿವು ಸರೋವರದ ಚಿತ್ರವೇ ತಪ್ಪಾಗುತ್ತದೆ.

ವಾಹಕತೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ವಾಹಕತೆ ಅಳೆಯುವುದು ಅಯಾನುಗಳನ್ನು. ಕರಗಿದ ಇಂಗಾಲದ ಡೈಆಕ್ಸೈಡಿನ ಬಹುಪಾಲು ವಿದ್ಯುದಾವೇಶವಿಲ್ಲದ ಅಣುವಾಗಿ ಉಳಿಯುವುದರಿಂದ ಮೀಟರಿಗೆ ಅದು ಕಾಣಿಸುವುದೇ ಇಲ್ಲ. ಒಂದೇ ಸರೋವರದಲ್ಲಿ ವಾಹಕತೆಗೂ ಅನಿಲಕ್ಕೂ ಹೊಂದಾಣಿಕೆಯಿರುವುದನ್ನು ನೇರ ಮಾಪನದಿಂದ ಸ್ಥಾಪಿಸಿಕೊಂಡ ಮೇಲೆ ಅದನ್ನು ಸೂಚಕವಾಗಿ ಬಳಸಬಹುದು. ಬೇರೊಂದು ಸರೋವರದ ಸಂಬಂಧವನ್ನು ತಂದು ಇಲ್ಲಿ ಹೇರಬಾರದು. ಎಲ್ಲ ಓದುಗಳನ್ನೂ 25 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಬೇಕು, ಏಕೆಂದರೆ ಪ್ರತಿ ಡಿಗ್ರಿಗೆ ವಾಹಕತೆ ನೂರಕ್ಕೆ ಎರಡರಷ್ಟು ಬದಲಾಗುತ್ತದೆ. ಶೋಧಕವನ್ನು ಮೇಲೆತ್ತುವಾಗಿನ ಓದುಗಳಿಗಿಂತ ಇಳಿಸುವಾಗಿನ ಓದುಗಳನ್ನು ನಂಬಿ. ಮೇಲೇರುವಾಗ ಸಂವೇದಕದ ಒಳಗೆ ಗುಳ್ಳೆ ಸಿಕ್ಕಿಕೊಂಡು ವಾಹಕತೆಯನ್ನು ತಗ್ಗಿಸಿ ತೋರಿಸುವ ಸಂಭವ ಹೆಚ್ಚು.

ಈ ಚಿತ್ರ ಕೈಗೆ ಬಂದ ನಂತರ ಆಳಗಳನ್ನು ಆರಿಸಿಕೊಳ್ಳಿ. ಸಂಕ್ರಮಣ ಪದರದಲ್ಲಿ ಎರಡು ಮೂರು ಮೀಟರಿಗೊಂದರಂತೆ, ಏಕರೂಪವಾಗಿರುವ ಪದರದಲ್ಲಿ ಇಪ್ಪತ್ತು ಮೀಟರಿಗೊಂದರಂತೆ, ತಳದ ಕೆಸರಿನ ಮೇಲಿನ ಕೆಲವು ಮೀಟರುಗಳಲ್ಲಿ ಮತ್ತೆ ಒತ್ತಾಗಿ.

ನಾಲ್ಕನೆಯ ಹಂತ: ಒತ್ತಡ ಕಳೆದುಕೊಳ್ಳದ ಮಾದರಿ

ಎಲ್ಲ ತಪ್ಪುಗಳ ತಾಯಿ ಇರುವುದು ಈ ಹಂತದಲ್ಲಿ. ಸಾಗರ ವಿಜ್ಞಾನದಿಂದ ಬಂದ ನಿಸ್ಕಿನ್ ಬಾಟಲಿಯನ್ನು, ಅಂದರೆ ಎರಡೂ ತುದಿ ತೆರೆದು ಇಳಿದು ಆಳದಲ್ಲಿ ಮುಚ್ಚಿಕೊಳ್ಳುವ ಪ್ಲಾಸ್ಟಿಕ್ ಕೊಳವೆಯನ್ನು, ನ್ಯೋಸ್‌ನ ತಳದಿಂದ ಎತ್ತಿದರೆ ಒಳಗಿನ ನೀರು ಮುಚ್ಚಳ ತೆಗೆದ ಗೋಲಿ ಸೋಡಾದಂತೆ ನೊರೆಯುಕ್ಕುತ್ತದೆ. ಅನಿಲ ಮುಚ್ಚಳದ ಸಂದಿನಿಂದ ನುಸುಳಿ ಹೋಗುತ್ತದೆ, ಜೊತೆಗೆ ನೀರನ್ನೂ ತಳ್ಳಿಕೊಂಡು ಹೋಗುತ್ತದೆ. ಸೋಡಿಯಂ, ಮೆಗ್ನೀಸಿಯಂ, ಕ್ಲೋರೈಡ್ ಮುಂತಾದ ಹಾರಿಹೋಗದ ಅಯಾನುಗಳಿಗೆ ಈ ಮಾದರಿ ಸಾಕು. ಅನಿಲಕ್ಕೆ ಇದು ಯಾವ ಬೆಲೆಯೂ ಇಲ್ಲದ ಮಾದರಿ.

ಅನಿಲಕ್ಕಾಗಿ ರೂಢಿಯಲ್ಲಿರುವ ದಾರಿಗಳಲ್ಲಿ ನಾಲ್ಕನ್ನು ಬಲ್ಲವರು ತಮ್ಮ ಬಜೆಟ್ಟಿಗೆ ತಕ್ಕಂತೆ ಆರಿಸಿಕೊಳ್ಳಬಹುದು. ಎರಡೂ ತುದಿಗೆ ಕವಾಟವಿರುವ ಸ್ಟೇನ್‌ಲೆಸ್ ಸ್ಟೀಲ್ ಸಿಲಿಂಡರನ್ನು ಆಳದಲ್ಲೇ ತುಂಬಿಸಿ ಮುಚ್ಚಿ, ಒತ್ತಡವನ್ನು ಉಳಿಸಿಕೊಂಡೇ ಮೇಲೆ ತರುವುದು ಅತ್ಯಂತ ವಿಶ್ವಾಸಾರ್ಹ. ತೂಕ ಮತ್ತು ಬೆಲೆ ಎರಡೂ ಹೆಚ್ಚು.

ಎರಡನೆಯದು ಕ್ಷಾರದ ಸಿರಿಂಜು. ದಪ್ಪ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಮೊದಲೇ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಗಟ್ಟಿ ದ್ರಾವಣವನ್ನು ತುಂಬಿ, ಆಳದಲ್ಲಿಯೇ ಅದರ ದಂಡ ಎಳೆಯಲ್ಪಡುವಂತೆ ಚೌಕಟ್ಟಿಗೆ ಕಟ್ಟಿ ಇಳಿಸಲಾಗುತ್ತದೆ. ಒಳಬಂದ ನೀರಿನ ಇಂಗಾಲದ ಡೈಆಕ್ಸೈಡ್ ತಕ್ಷಣ ಕಾರ್ಬೊನೇಟ್ ಆಗಿ ಬದಲಾಗುವುದರಿಂದ ಮೇಲೆ ಬರುವಾಗ ಗುಳ್ಳೆಯಾಗಲು ಏನೂ ಉಳಿದಿರುವುದಿಲ್ಲ. ಕ್ಷಾರದ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕಿ. ಲೀಟರಿಗೆ 0.35 ಮೋಲ್ ಅನಿಲವಿರುವ ನೀರನ್ನು 50 ಮಿಲಿಲೀಟರ್ ತೆಗೆದುಕೊಂಡರೆ 17.5 ಮಿಲಿಮೋಲ್ ಅನಿಲ ಬರುತ್ತದೆ. ಒಂದು ಅಣುವಿಗೆ ಎರಡು ಹೈಡ್ರಾಕ್ಸೈಡ್ ಬೇಕಾದ್ದರಿಂದ ಕನಿಷ್ಠ 35 ಮಿಲಿಮೋಲ್ ಬೇಕು. ಆರು ಮೋಲಾರ್ ದ್ರಾವಣದ 10 ಮಿಲಿಲೀಟರ್ ಹಾಕಿದರೆ 60 ಮಿಲಿಮೋಲ್ ಆಗಿ ಸಾಕಷ್ಟು ಮಿಗುತ್ತದೆ. ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಗಾಳಿಯಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ; ಆದ್ದರಿಂದ ಅದೇ ದಿನ ತುಂಬಿ, ಸರೋವರಕ್ಕೆ ಇಳಿಸದೆ ಹೋಲಿಕೆಗೆಂದು ಇಟ್ಟ ಸಿರಿಂಜೊಂದನ್ನು ಟೈಟ್ರೇಟ್ ಮಾಡಿ ಆ ಮೊತ್ತವನ್ನು ಕಳೆಯಲೇಬೇಕು.

ಮೂರನೆಯ ದಾರಿ ಸಣ್ಣ ಬಾಯಿಯ ಉದ್ದ ಕೊಳವೆ. ಒಂದು ತುದಿಯನ್ನು ಬೇಕಾದ ಆಳಕ್ಕೆ ಇಳಿಸಿ ಮೇಲಿನಿಂದ ಒಮ್ಮೆ ಹೀರಿದರೆ ಸಾಕು; ಏರುತ್ತಿರುವ ನೀರಿನಲ್ಲಿ ಗುಳ್ಳೆ ಹುಟ್ಟಿ, ಗುಳ್ಳೆ ತುಂಬಿದ ನೀರು ಹಗುರಾಗಿ, ಪಂಪಿನ ಸಹಾಯವಿಲ್ಲದೆ ತಾನೇ ಹರಿಯತೊಡಗುತ್ತದೆ. ಮೇಲೆ ಬಂದ ಅನಿಲವನ್ನೂ ನೀರನ್ನೂ ಬೇರ್ಪಡಿಸಿ ಎರಡರ ಗಾತ್ರವನ್ನೂ ಅಳೆಯುತ್ತಾರೆ. ಬೇರ್ಪಟ್ಟ ನೀರಿನಲ್ಲಿಯೂ ಮೇಲ್ಮೈ ಒತ್ತಡಕ್ಕೆ ತಕ್ಕಷ್ಟು ಅನಿಲ ಇನ್ನೂ ಕರಗಿಯೇ ಇರುತ್ತದೆ. ನ್ಯೋಸ್‌ನ ಪರಿಸ್ಥಿತಿಯಲ್ಲಿ ಅದು ಲೀಟರಿಗೆ ಸುಮಾರು 0.03 ಮೋಲ್. ಅದನ್ನು ಕೂಡಿಸಲು ಮರೆಯುವವರೇ ಹೆಚ್ಚು.

ನಾಲ್ಕನೆಯದು, ಮಾದರಿಯನ್ನೇ ತೆಗೆಯದೆ ಆಳದಲ್ಲೇ ಅನಿಲದ ಒಟ್ಟು ಒತ್ತಡವನ್ನು ಅಳೆಯುವ ಶೋಧಕ. ಅದರಲ್ಲಿ ಅನಿಲವನ್ನು ಬಿಟ್ಟು ನೀರನ್ನು ತಡೆಯುವ ಸಿಲಿಕೋನ್ ಪೊರೆಯೊಂದಿದ್ದು, ಪೊರೆಯ ಹಿಂದಿನ ಸಣ್ಣ ಕೋಣೆಯ ಒತ್ತಡ ಕರಗಿದ ಅನಿಲಗಳ ಒಟ್ಟು ಒತ್ತಡಕ್ಕೆ ಸಮನಾಗುವವರೆಗೆ ಕಾಯಬೇಕು. ಪ್ರತಿ ಆಳದಲ್ಲಿ ಹತ್ತಾರು ನಿಮಿಷ ಬೇಕಾಗಬಹುದು. ನನ್ನ ಅಭಿಪ್ರಾಯದಲ್ಲಿ, ಒಂದೇ ಉಪಕರಣ ಕೊಳ್ಳಲು ಹಣವಿದ್ದರೆ ಇದನ್ನೇ ಕೊಳ್ಳಬೇಕು, ಏಕೆಂದರೆ ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಇದು ಯಾವ ಸಮೀಕರಣದ ಹಂಗೂ ಇಲ್ಲದೆ ಉತ್ತರಿಸುತ್ತದೆ. ಅನಿಲ ಯಾವುದು ಎಂದು ಮಾತ್ರ ಅದು ಹೇಳಲಾರದು.

ಹೀಲಿಯಂನಂಥ ಜಡ ಅನಿಲಗಳು ಪ್ಲಾಸ್ಟಿಕ್ಕಿನ ಮೂಲಕವೂ ತಪ್ಪಿಸಿಕೊಳ್ಳುವುದರಿಂದ, ಅವಕ್ಕಾಗಿ ನೀರನ್ನು ತಾಮ್ರದ ಕೊಳವೆಯಲ್ಲಿ ಹರಿಸಿ ಎರಡೂ ತುದಿಗಳನ್ನು ಕ್ಲಾಂಪಿನಿಂದ ಬಿಗಿದು ಚಪ್ಪಟೆಯಾಗಿಸಿ ಮುಚ್ಚಬೇಕು.

ಐದನೆಯ ಹಂತ: ದಡದ ಮೇಲಿನ ಕೆಲಸ

ಅಯಾನುಗಳ ಮಾದರಿಯನ್ನು 0.45 ಮೈಕ್ರೋಮೀಟರ್ ರಂಧ್ರಗಳ ಸೋಸುಪೊರೆಯಿಂದ ಸೋಸಿ ಎರಡು ಬಾಟಲಿಗೆ ತುಂಬಿ: ಲೋಹಗಳಿಗಾಗಿ ಒಂದಕ್ಕೆ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ ಎರಡಕ್ಕಿಂತ ಕೆಳಗಿಳಿಸಿ, ಇನ್ನೊಂದನ್ನು ಹಾಗೆಯೇ ಬಿಡಿ. ನಿರ್ವಾತ ಪಂಪಿನಿಂದ ಎಳೆಯುವ ಬದಲು ಸಿರಿಂಜಿನಿಂದ ಒತ್ತಿ ಸೋಸುವುದು ಒಳ್ಳೆಯದು. ತಳದ ನೀರಿನ ಕಬ್ಬಿಣ ಎರಡು ಧನಾವೇಶದ ರೂಪದಲ್ಲಿ ಕರಗಿರುತ್ತದೆ. ಗಾಳಿ ಸೋಕಿದ ಕೂಡಲೇ ಅದು ಉತ್ಕರ್ಷಣಗೊಂಡು ಕಂದುಕೆಂಪು ಗಸಿಯಾಗುತ್ತದೆ. 1986ರ ಅನಾಹುತದ ನಂತರ ನೀಲಿಯಾಗಿದ್ದ ನ್ಯೋಸ್ ಸರೋವರ ಕೆಂಪಾಗಿ ಕಂಡದ್ದು ಇದೇ ಕಾರಣದಿಂದ, ತಳದ ಕಬ್ಬಿಣದ ನೀರು ಮೇಲೆ ಬಂದು ಗಾಳಿಗೆ ಸೇರಿತ್ತು.

ಈ ಗಸಿ ಬಣ್ಣದ ವಿಷಯ ಮಾತ್ರವಲ್ಲ. ಕರಗಿದ ಒಂದು ಕಬ್ಬಿಣದ ಅಯಾನು ಹೈಡ್ರಾಕ್ಸೈಡ್ ಆಗಿ ಕೂತಾಗ ಎರಡು ಹೈಡ್ರೋಜನ್ ಅಯಾನು ಬಿಡುಗಡೆಯಾಗಿ ಕ್ಷಾರೀಯತೆಯನ್ನು ತಿನ್ನುತ್ತವೆ. ಇಂಗಾಲದ ಡೈಆಕ್ಸೈಡ್ ಹಾರಿಹೋದರೆ ಪಿಎಚ್ ಬದಲಾಗುತ್ತದೆಯೇ ಹೊರತು ಕ್ಷಾರೀಯತೆ ಬದಲಾಗುವುದಿಲ್ಲ ಎಂದು ಪಠ್ಯಪುಸ್ತಕ ಹೇಳುವುದು ಸರಿ. ಆದರೆ ಅದು ಗಸಿ ಕೂರದ ನೀರಿನ ಮಾತು. ನ್ಯೋಸ್‌ನ ತಳದ ನೀರನ್ನು ಬಾಟಲಿಯಲ್ಲಿ ವಾರಗಟ್ಟಲೆ ಇಟ್ಟು ನಗರದ ಪ್ರಯೋಗಾಲಯದಲ್ಲಿ ಕ್ಷಾರೀಯತೆ ಅಳೆದರೆ ಸಿಗುವುದು ಬೇರೆಯದೇ ಸಂಖ್ಯೆ. ಆದ್ದರಿಂದ ಕ್ಷಾರೀಯತೆಯನ್ನು ಅದೇ ದಿನ, ದಡದಲ್ಲೇ, ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 4.5ರವರೆಗೆ ಟೈಟ್ರೇಟ್ ಮಾಡಿ. ಹೈಡ್ರೋಜನ್ ಸಲ್ಫೈಡ್ ಇದ್ದಲ್ಲಿ ಪ್ರತ್ಯೇಕ ಬಾಟಲಿಗೆ ಜಿಂಕ್ ಅಸಿಟೇಟ್ ಹಾಕಿ ಅದನ್ನು ಹಿಡಿದಿಡಿ. ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ಟೈಟ್ರೇಷನ್ ಬೇಡ, ಕಬ್ಬಿಣ ಅದರಲ್ಲಿ ಅಡ್ಡಬರುತ್ತದೆ. ಬೆಳಕಿನಿಂದ ಅಳೆಯುವ ಸಂವೇದಕ ಬಳಸಿ.

ಕ್ಷಾರದ ಸಿರಿಂಜಿನ ದ್ರಾವಣವನ್ನು ಪಿಎಚ್ 8.3ರಿಂದ 4.5ರವರೆಗೆ ಟೈಟ್ರೇಟ್ ಮಾಡಿದಾಗ ಈ ಎರಡು ಬಿಂದುಗಳ ನಡುವೆ ಖರ್ಚಾದ ಆಮ್ಲ ಒಟ್ಟು ಅಜೈವಿಕ ಇಂಗಾಲಕ್ಕೆ ಸಮ. ಕ್ಷಾರದಲ್ಲಿ ಕಬ್ಬಿಣ, ಮೆಗ್ನೀಸಿಯಂಗಳ ಗಸಿ ಕೂತಿದ್ದರೆ ಅದನ್ನು ಸೋಸಿ ಎಸೆಯಬಾರದು, ಕಾರ್ಬೊನೇಟಿನ ಒಂದು ಪಾಲು ಅದರಲ್ಲೇ ಇರುತ್ತದೆ. ಅಂಥ ಕೆಲವು ಮಾದರಿಗಳನ್ನು ಮುಚ್ಚಿದ ಪಾತ್ರೆಯಲ್ಲಿ ಆಮ್ಲಕ್ಕೆ ಒಡ್ಡಿ, ಬಿಡುಗಡೆಯಾದ ಅನಿಲದ ಗಾತ್ರದಿಂದ ಟೈಟ್ರೇಷನ್ನಿನ ಉತ್ತರವನ್ನು ತಾಳೆ ನೋಡಿಕೊಳ್ಳಿ. ಮೀಥೇನ್, ಸಾರಜನಕ, ಆರ್ಗಾನ್ ಮುಂತಾದವುಗಳಿಗೆ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೊಗ್ರಾಫ್ ಇರುವ ಪ್ರಯೋಗಾಲಯವೇ ಬೇಕು.

ಆರನೆಯ ಹಂತ: ಲೆಕ್ಕ

ಮೊದಲು ಆವೇಶಗಳ ತಾಳೆ. ಧನ ಅಯಾನುಗಳ ಮೊತ್ತ ಮತ್ತು ಋಣ ಅಯಾನುಗಳ ಮೊತ್ತದ ನಡುವೆ ನೂರಕ್ಕೆ ಐದಕ್ಕಿಂತ ಹೆಚ್ಚು ಅಂತರವಿದ್ದರೆ ಮುಂದೆ ಹೋಗಬೇಡಿ. ನ್ಯೋಸ್ ಮಾದರಿಯ ನೀರಿನಲ್ಲಿ ಧನ ಅಯಾನು ಕಡಿಮೆ ಬಿದ್ದರೆ ಸಾಮಾನ್ಯವಾಗಿ ಕಬ್ಬಿಣವನ್ನೋ ಅಮೋನಿಯಮ್ಮನ್ನೋ ಬಿಟ್ಟಿರುತ್ತೇವೆ.

ಅನೇಕರು ಪಿಎಚ್ ಮತ್ತು ಕ್ಷಾರೀಯತೆಯಿಂದಲೇ ಕರಗಿದ ಇಂಗಾಲದ ಡೈಆಕ್ಸೈಡನ್ನು ಲೆಕ್ಕ ಹಾಕಿ ಮುಗಿಸುತ್ತಾರೆ. ಆ ವಿಧಾನದ ಮಿತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಬೈಕಾರ್ಬೊನೇಟ್ ಲೀಟರಿಗೆ 0.015 ಮೋಲ್, ಪಿಎಚ್ 5.1, ಕಾರ್ಬೊನಿಕ್ ಆಮ್ಲದ ಮೊದಲ ವಿಯೋಜನೆಯ ಸ್ಥಿರಾಂಕದ ಘಾತ 25 ಡಿಗ್ರಿಯಲ್ಲಿ 6.35. ವ್ಯತ್ಯಾಸ 1.25, ಹತ್ತರ 1.25ನೆಯ ಘಾತ ಸುಮಾರು 17.8, ಅದನ್ನು 0.015ರಿಂದ ಗುಣಿಸಿದರೆ ಲೀಟರಿಗೆ 0.27 ಮೋಲ್. ಈಗ ಪಿಎಚ್ ಓದಿನಲ್ಲಿ ಕೇವಲ 0.1 ತಪ್ಪಿದ್ದರೆ ಉತ್ತರ ನೂರಕ್ಕೆ 26ರಷ್ಟು ಏರುತ್ತದೆ ಅಥವಾ ನೂರಕ್ಕೆ 20ರಷ್ಟು ಇಳಿಯುತ್ತದೆ. ಮೇಲೆ ತಂದು ಅಳೆದ ಪಿಎಚ್‌ನಲ್ಲಿ ತಪ್ಪು 0.1ಕ್ಕೆ ನಿಲ್ಲುವುದೇ ಇಲ್ಲ, ಅನಿಲ ಹೋದಂತೆ ಪಿಎಚ್ ಏರುತ್ತಲೇ ಇರುತ್ತದೆ. ಆಳದಲ್ಲೇ ಓದಿದ, ಸರಿಯಾಗಿ ಹೊಂದಿಸಿದ ಪಿಎಚ್ ಇದ್ದರೆ ಈ ಲೆಕ್ಕವನ್ನು ನೇರ ಮಾಪನಗಳ ನಡುವಿನ ಆಳಗಳನ್ನು ತುಂಬಲು ಬಳಸಬಹುದು. ನೇರ ಮಾಪನದ ಬದಲಿಗೆ ಬಳಸಬಾರದು.

ಇನ್ನು ಮುಖ್ಯ ಲೆಕ್ಕ. ಸಮುದ್ರಮಟ್ಟದ ಗಾಳಿಯ ಒತ್ತಡವನ್ನು ಒಂದು ವಾಯುಭಾರ ಎಂದಿಟ್ಟುಕೊಂಡರೆ, ಹೆನ್ರಿಯ ನಿಯಮದ ಪ್ರಕಾರ 25 ಡಿಗ್ರಿಯಲ್ಲಿ ಪ್ರತಿ ವಾಯುಭಾರಕ್ಕೆ ಲೀಟರ್ ನೀರಿನಲ್ಲಿ 0.034 ಮೋಲ್ ಇಂಗಾಲದ ಡೈಆಕ್ಸೈಡ್ ಕರಗುತ್ತದೆ. 20 ಡಿಗ್ರಿಯಲ್ಲಿ 0.039. ನ್ಯೋಸ್‌ನ ತಳದ ಉಷ್ಣತೆಗೆ ಹತ್ತಿರವಾದ 23 ಡಿಗ್ರಿಗೆ 0.036 ಎಂದು ಹಿಡಿಯೋಣ. ಲೀಟರಿಗೆ 0.30 ಮೋಲ್ ಇದ್ದರೆ ಅನಿಲದ ಒತ್ತಡ 0.30 ಭಾಗಿಸು 0.036, ಅಂದರೆ 8.3 ವಾಯುಭಾರ. ಸರೋವರದ ಮೇಲ್ಮೈ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಸುಮಾರು 0.89. ಪ್ರತಿ 10.3 ಮೀಟರ್ ಸಿಹಿನೀರಿಗೆ ಒಂದು ವಾಯುಭಾರದಂತೆ 200 ಮೀಟರಿಗೆ 19.4, ಒಟ್ಟು 20.3. ಹಾಗಾದರೆ 200 ಮೀಟರಿನಲ್ಲಿ ಆ ನೀರು ತನ್ನ ಸಾಮರ್ಥ್ಯದ ನೂರಕ್ಕೆ 41ರಷ್ಟು ಮಾತ್ರ ತುಂಬಿದೆ.

ಈ 41 ಎಂಬ ಸಂಖ್ಯೆ ನೆಮ್ಮದಿ ಕೊಡುವಂತೆ ಕಾಣುತ್ತದೆ, ಆದರೆ ಅದೇ ನೀರನ್ನು ಎಷ್ಟು ಮೇಲೆತ್ತಿದರೆ ಗುಳ್ಳೆ ಹುಟ್ಟುತ್ತದೆ ಎಂದೂ ಕೇಳಬೇಕು. 8.3ರಿಂದ 0.89 ಕಳೆದು 10.3ರಿಂದ ಗುಣಿಸಿದರೆ 76 ಮೀಟರ್. ಭೂಕುಸಿತವೋ ಗಾಳಿಯ ಅಲೆಯೋ ಆ ನೀರನ್ನು 76 ಮೀಟರ್ ಆಳದವರೆಗೆ ತಳ್ಳಿದರೆ ಮುಂದಿನದನ್ನು ಗುಳ್ಳೆಗಳೇ ನೋಡಿಕೊಳ್ಳುತ್ತವೆ. ಗುಳ್ಳೆ ತುಂಬಿದ ನೀರು ಹಗುರಾಗಿ ಏರುತ್ತದೆ, ಏರಿದಷ್ಟೂ ಒತ್ತಡ ಕಡಿಮೆಯಾಗಿ ಇನ್ನಷ್ಟು ಗುಳ್ಳೆ ಹುಟ್ಟುತ್ತದೆ, ಕೆಳಗಿನ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪ್ರತಿ ಆಳಕ್ಕೂ ಎರಡು ಸಂಖ್ಯೆ ಬರೆಯಿರಿ: ಅಲ್ಲಿನ ತುಂಬಿಕೆಯ ಪ್ರಮಾಣ, ಮತ್ತು ಆ ನೀರು ಗುಳ್ಳೆಯೊಡೆಯುವ ಆಳ. ಆಳ ಮತ್ತು ಒತ್ತಡದ ಒಂದೇ ನಕ್ಷೆಯಲ್ಲಿ ಅನಿಲದ ಒತ್ತಡವನ್ನೂ ನೀರಿನ ಒತ್ತಡವನ್ನೂ ಎರಡು ಗೆರೆಗಳಾಗಿ ಎಳೆದರೆ, ಅವು ಎಲ್ಲಿ ಹತ್ತಿರ ಬರುತ್ತವೆ ಎಂಬುದು ಕಣ್ಣಿಗೆ ಬೀಳುತ್ತದೆ. ಆ ಜಾಗ ತಳವೇ ಆಗಿರಬೇಕೆಂದಿಲ್ಲ.

ಎರಡು ತಿದ್ದುಪಡಿಗಳು ಬೇಕು. ಹತ್ತು ವಾಯುಭಾರದ ಆಸುಪಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಆದರ್ಶ ಅನಿಲದಂತೆ ನಡೆದುಕೊಳ್ಳುವುದಿಲ್ಲ, ನೂರಕ್ಕೆ ಐದರಷ್ಟು ವ್ಯತ್ಯಾಸ ಬರುತ್ತದೆ. ಇನ್ನೊಂದು ಹೆಚ್ಚು ಮುಖ್ಯವಾದದ್ದು: ಉಳಿದ ಅನಿಲಗಳ ಒತ್ತಡವನ್ನೂ ಕೂಡಿಸಬೇಕು. ಮೀಥೇನ್ ಪ್ರತಿ ವಾಯುಭಾರಕ್ಕೆ ಲೀಟರಿನಲ್ಲಿ 0.0014 ಮೋಲ್ ಮಾತ್ರ ಕರಗುತ್ತದೆ, ಇಂಗಾಲದ ಡೈಆಕ್ಸೈಡಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಲೀಟರಿಗೆ 0.10 ಮೋಲ್ ಇಂಗಾಲದ ಡೈಆಕ್ಸೈಡ್ ಉಂಟುಮಾಡುವ ಒತ್ತಡ ಸುಮಾರು 3 ವಾಯುಭಾರ. ಅದರ ಆರನೇ ಒಂದು ಪಾಲಿನಷ್ಟು, ಅಂದರೆ 0.016 ಮೋಲ್ ಮೀಥೇನ್ ಉಂಟುಮಾಡುವ ಒತ್ತಡ 11ಕ್ಕಿಂತ ಹೆಚ್ಚು. ಕಿವುವಿನ ಆಳದ ನೀರು ಇಂಥದ್ದೇ. ಮೊತ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟೇ ಹೆಚ್ಚಿರಲಿ, ಅಲ್ಲಿ ಗುಳ್ಳೆಯೊಡೆಯುವ ಆಳವನ್ನು ತೀರ್ಮಾನಿಸುವುದು ಮೀಥೇನ್. ಕಿವುವಿನ ಮುಖ್ಯ ಭಾಗದಲ್ಲಿ ತುಂಬಿಕೆಯ ಪ್ರಮಾಣ ಅತಿ ಹೆಚ್ಚಿರುವಲ್ಲಿಯೂ ಸುಮಾರು ಅರ್ಧದಷ್ಟಿದೆ, ಮತ್ತು 2016ರಿಂದ ಅಲ್ಲಿನ ಮೀಥೇನನ್ನು ತೆಗೆದು ವಿದ್ಯುತ್ ಉತ್ಪಾದಿಸುವ ಸ್ಥಾವರವೊಂದು ನಡೆಯುತ್ತಿದೆ.

ಏಳನೆಯ ಹಂತ: ಅನಿಲದ ಮೂಲ

ಅನಿಲ ಎಲ್ಲಿಂದ ಬಂತು ಎಂಬುದಕ್ಕೆ ಇಂಗಾಲದ ಸಮಸ್ಥಾನಿಗಳು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಒಂದು ಸುಳಿವು. ಕೊಳೆತ ಗಿಡಮರಗಳಿಂದ ಬಂದ ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲ-13ರ ಪ್ರಮಾಣ ಅಂತರರಾಷ್ಟ್ರೀಯ ಮಾನಕಕ್ಕಿಂತ ಸಾವಿರಕ್ಕೆ ಸುಮಾರು 25 ಭಾಗ ಕಡಿಮೆ. ಶಿಲಾರಸದ್ದು ಸಾಮಾನ್ಯವಾಗಿ 2ರಿಂದ 8 ಭಾಗ ಕಡಿಮೆ. ನ್ಯೋಸ್‌ನದು 3ರ ಆಸುಪಾಸು. ಹೀಲಿಯಂ-3 ಮತ್ತು ಹೀಲಿಯಂ-4ರ ಅನುಪಾತ ವಾತಾವರಣದ ಅನುಪಾತಕ್ಕಿಂತ ಹಲವು ಪಟ್ಟು ಹೆಚ್ಚಿರುವುದೂ ಅದರ ಅನಿಲ ಭೂಕವಚದ ಕೆಳಗಿನ ಪದರದಿಂದ ಬಂದದ್ದೆಂದು ಹೇಳುತ್ತದೆ. ಇಂಗಾಲದ ಒಂದೇ ಸಾಕ್ಷ್ಯದ ಮೇಲೆ ತೀರ್ಪು ಕೊಡಬೇಡಿ, ಸುಣ್ಣಕಲ್ಲಿನಿಂದ ಬಂದ ಅನಿಲವೂ ಶಿಲಾರಸದ ಅಂಕಿಗಳ ಹತ್ತಿರಕ್ಕೆ ಬರಬಲ್ಲದು. ಹೀಲಿಯಂ ಅದನ್ನು ಬೇರ್ಪಡಿಸುತ್ತದೆ.

ಆಮ್ಲ ಸರೋವರವಾದರೆ

ಇಜೆನ್‌ನಂಥ ಸರೋವರದಲ್ಲಿ ಕ್ಷಾರೀಯತೆ ಎಂಬುದೇ ಇಲ್ಲ, ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ನಿಲ್ಲದೆ ಹಾದುಹೋಗುತ್ತದೆ. ಇಲ್ಲಿ ಗಂಧಕವೇ ನಾಯಕ. ಗಂಧಕದ ಡೈಆಕ್ಸೈಡ್ ಬಿಸಿನೀರಿನಲ್ಲಿ ತಾನೇ ಒಡೆದು ಒಂದು ಪಾಲು ಗಂಧಕಾಮ್ಲವಾಗಿ, ಇನ್ನೊಂದು ಪಾಲು ಗಂಧಕವಾಗಿ ಅಥವಾ ಹೈಡ್ರೋಜನ್ ಸಲ್ಫೈಡ್ ಆಗಿ ಬದಲಾಗುತ್ತದೆ. ಎರಡೂ ಅನಿಲಗಳು ಒಟ್ಟಿಗೆ ನೀರಿಗೆ ಬಂದಲ್ಲಿ ಪಾಲಿಥಯೊನೇಟ್ ಎಂಬ ಅಯಾನುಗಳು ಹುಟ್ಟುತ್ತವೆ. ಅವುಗಳ ಏರಿಳಿತ ತಳದ ಅನಿಲದ್ವಾರಗಳ ಚಟುವಟಿಕೆಯನ್ನು ಹೇಳುವುದರಿಂದ ಜಪಾನ್ ಮತ್ತು ಕೋಸ್ಟರಿಕಾದ ಸರೋವರಗಳಲ್ಲಿ ಅವುಗಳನ್ನು ನಿಗಾವಣೆಗೆ ಬಳಸಲಾಗಿದೆ. ಅವು ಬಹಳ ದಿನ ಉಳಿಯದ ಕಾರಣ ಮಾದರಿಯನ್ನು ಬೇಗ ಅಯಾನ್ ಕ್ರೊಮಟೊಗ್ರಾಫಿಗೆ ಒಪ್ಪಿಸಬೇಕು.

ಪಿಎಚ್ ಒಂದಕ್ಕಿಂತ ಕೆಳಗಿನ ಗಾಜಿನ ಎಲೆಕ್ಟ್ರೋಡಿನ ಓದನ್ನು ನೆಚ್ಚಬೇಡಿ. ತೂಕದ ಲೆಕ್ಕದಲ್ಲಿ ತೆಳುವಾಗಿಸಿದ ಮಾದರಿಯನ್ನು ಕ್ಷಾರದಿಂದ ಟೈಟ್ರೇಟ್ ಮಾಡಿದರೆ ಆಮ್ಲತೆಯ ಅಂದಾಜು ಸಿಗುತ್ತದೆ, ಆದರೆ ಕರಗಿದ ಅಲ್ಯೂಮಿನಿಯಂ ಮತ್ತು ಕಬ್ಬಿಣವೂ ಕ್ಷಾರವನ್ನು ತಿನ್ನುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫ್ಲೋರೈಡ್ ಗಾಜನ್ನು ಕೊರೆಯುವುದರಿಂದ ಪಾಲಿಥಿನ್ ಬಾಟಲಿಗಳೇ ಬೇಕು. ಸಿಲಿಕಾ ಗಟ್ಟಿಯಾಗುವ ಮುನ್ನ ಒಂದು ಭಾಗವನ್ನು ಸ್ಥಳದಲ್ಲೇ ಶುದ್ಧ ನೀರಿನಿಂದ ತೆಳುವಾಗಿಸಿ. ಅನಿಲದ್ವಾರ ದಡದಲ್ಲಿದ್ದರೆ ವರ್ನರ್ ಗಿಗೆನ್‌ಬಾಕ್ ಹೆಸರಿನ, ನಿರ್ವಾತಗೊಳಿಸಿ ಸೋಡಿಯಂ ಹೈಡ್ರಾಕ್ಸೈಡ್ ತುಂಬಿದ ಗಾಜಿನ ಬಾಟಲಿಯಲ್ಲಿ ಅನಿಲವನ್ನು ಹಿಡಿಯಲಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ 100 ಭಾಗದ ಸುಮಾರಿಗೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತೆಂದು ಅನಿಲ ಹೋಯಿತೆಂದು ತಿಳಿಯಬಾರದು.

ರುಆಪೆಹುವಿನಲ್ಲಿ ಮೆಗ್ನೀಸಿಯಂ ಮತ್ತು ಕ್ಲೋರೈಡಿನ ಅನುಪಾತವನ್ನು ದಶಕಗಳಿಂದ ಗಮನಿಸಲಾಗುತ್ತಿದೆ. ಮಳೆ ಮತ್ತು ಹಿಮ ಎರಡನ್ನೂ ಸಮನಾಗಿ ತೆಳುವಾಗಿಸುವುದರಿಂದ ಅನುಪಾತ ಬದಲಾಗುವುದಿಲ್ಲ. ಹೊಸ ಶಿಲಾರಸ ಬಿಸಿ ಆಮ್ಲ ನೀರಿಗೆ ಸಿಕ್ಕಿ ಮೆಗ್ನೀಸಿಯಂ ಬಿಡುಗಡೆ ಮಾಡಿದರೆ ಅನುಪಾತ ಏರುತ್ತದೆ. ಒಂಟಿ ಸಾಂದ್ರತೆಗಿಂತ ಅನುಪಾತವನ್ನು ನೋಡಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಂಟನೆಯ ಹಂತ: ಒಟ್ಟು ದಾಸ್ತಾನು ಮತ್ತು ಮರುಮಾಪನ

ಸರೋವರವನ್ನು ಹತ್ತು ಮೀಟರ್ ದಪ್ಪದ ಪದರಗಳಾಗಿ ಸೀಳಿ, ಆಳದ ನಕ್ಷೆಯಿಂದ ಪ್ರತಿ ಪದರದ ವಿಸ್ತೀರ್ಣ ಪಡೆದು, ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ ಕೂಡಿಸಿ. ಉದಾಹರಣೆಗೆ ಒಂದು ಪದರದ ವಿಸ್ತೀರ್ಣ 0.9 ಚದರ ಕಿಲೋಮೀಟರ್ ಎಂದುಕೊಂಡರೆ ಗಾತ್ರ 90 ಲಕ್ಷ ಘನ ಮೀಟರ್. ಘನ ಮೀಟರಿಗೆ 300 ಮೋಲ್ ಇದ್ದರೆ 270 ಕೋಟಿ ಮೋಲ್, ಅಂದರೆ ಸುಮಾರು 1,19,000 ಟನ್ ಇಂಗಾಲದ ಡೈಆಕ್ಸೈಡ್. ಹಿಂದಿನ ಮಾಪನದೊಡನೆ ಹೋಲಿಸುವಾಗ ಅದೇ ಬಿಂದು, ಅದೇ ಋತು, ಅದೇ ವಿಧಾನ ಇರಬೇಕು. ವಿಧಾನ ಬದಲಾಯಿಸಬೇಕಾದರೆ ಒಂದು ಬಾರಿಯಾದರೂ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಿ, ಇಲ್ಲವಾದರೆ ಸಿರಿಂಜಿನ ತಪ್ಪನ್ನು ಸರೋವರದ ಬದಲಾವಣೆಯೆಂದು ಓದಿಬಿಡುವ ಅಪಾಯವಿದೆ.

ನ್ಯೋಸ್‌ನಲ್ಲಿ 2001ರ ಜನವರಿಯಲ್ಲಿ 203 ಮೀಟರ್ ಆಳದಿಂದ ನೀರೆತ್ತುವ ಶಾಶ್ವತ ಕೊಳವೆಯನ್ನು ಸ್ಥಾಪಿಸಲಾಯಿತು. ಆರಂಭದಲ್ಲಿ ಮಾತ್ರ ಪಂಪು ಬೇಕಾಗಿದ್ದ ಆ ಕೊಳವೆಯಿಂದ ನೀರು ಮತ್ತು ಅನಿಲದ ಕಾರಂಜಿ ಸುಮಾರು 50 ಮೀಟರ್ ಎತ್ತರಕ್ಕೆ ಚಿಮ್ಮಿತು. 2003ರಲ್ಲಿ ಮೊನೂನ್‌ಗೂ ಇಂಥ ಕೊಳವೆ ಬಂತು, 2011ರಲ್ಲಿ ನ್ಯೋಸ್‌ಗೆ ಇನ್ನೆರಡು ಸೇರಿದವು. ಕೊಳವೆ ಇರುವ ಸರೋವರದಲ್ಲಿ ಮಾಪನದ ಕ್ರಮ ಸ್ವಲ್ಪ ಬದಲಾಗುತ್ತದೆ. ತಳದ ನೀರು ಹೊರಹೋದಂತೆ ಮೇಲಿನ ಪದರಗಳು ಒಂದೊಂದಾಗಿ ಕೆಳಗಿಳಿಯುತ್ತವೆ, ಸಂಕ್ರಮಣ ಪದರವೂ ಇಳಿಯುತ್ತದೆ. ಹಿಂದಿನ ವರ್ಷದ ಆಳಗಳಿಗೇ ಬಾಟಲಿ ಇಳಿಸಿದರೆ ಈಗ ಅಲ್ಲಿರುವುದು ಬೇರೆ ಪದರದ ನೀರು. ಆದ್ದರಿಂದ ಪ್ರತಿ ಸಲವೂ ಮೂರನೆಯ ಹಂತದ ಚಿತ್ರವನ್ನು ಹೊಸದಾಗಿ ತೆಗೆದು, ಆ ನಂತರವೇ ಆಳಗಳನ್ನು ಗುರುತಿಸಬೇಕು. ಕೊಳವೆಯ ಬಾಯಿಯ ಹತ್ತಿರ ಒಂದು ಮಾದರಿಯನ್ನು ಕಡ್ಡಾಯವಾಗಿ ತೆಗೆಯಿರಿ, ಅಲ್ಲಿನ ಅನಿಲದ ಒತ್ತಡ ಕುಗ್ಗಿದಂತೆ ಕಾರಂಜಿಯ ಸ್ವಯಂಚಾಲನೆಯೂ ಕುಗ್ಗುತ್ತದೆ. ಕಾರಂಜಿ ಸೋತ ನಂತರವೂ ತಳದಿಂದ ಹೊಸ ಅನಿಲ ಬರುತ್ತಲೇ ಇರುವುದರಿಂದ, ಕೊಳವೆಯ ಬಾಯಿಗಿಂತ ಕೆಳಗೆ ಉಳಿದ ಕೊನೆಯ ಮೀಟರುಗಳ ಮಾಪನವನ್ನು ಯಾವ ವರ್ಷವೂ ತಪ್ಪಿಸಬಾರದು.